ಶಿಫ್ಟಿಗೊಂದು ಗುಳಿಗೆ

ನಮ್ಮಪ್ಪ ಕೈಗೆ ಗಡಿಯಾರ ಕಟ್ಟಿದ್ದನ್ನು ನಾನು ನೋಡಿಲ್ಲ. ಹೈದರಾಬಾದಿನ ಸನತ್‌ನಗರದಲ್ಲಿ ಅದರ ಅಗತ್ಯವೂ ಇರಲಿಲ್ಲ. ಅವರು ಮೂವತ್ತು ವರ್ಷ ದುಡಿದ ಫ್ಯಾಕ್ಟರಿ ನಮ್ಮ ಓಣಿಯ ಹಿಂದೆಯೇ ಇತ್ತು. ಅದರ ಭೋಂಗಾ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಕೂಗುತ್ತಿತ್ತು. ಉಳಿದವರು ಸೈರನ್ ಅನ್ನುವುದನ್ನು ಕಲಬುರ್ಗಿ ಕಡೆಯಿಂದ ಬಂದ ನಾವು ಭೋಂಗಾ ಅನ್ನುತ್ತಿದ್ದೆವು. ಅದು ಕೂಗಿದೊಡನೆ ಅಪ್ಪನ ಬಲಗೈ ಅಂಗಿಯ ಜೇಬಿಗೆ ಹೋಗುತ್ತಿತ್ತು. ಜೇಬಿನಿಂದ ಒಂದು ಬಿಳಿ ಗುಳಿಗೆ ಬಾಯಿಗೆ, ಹಿಂದೆಯೇ ಒಂದು ಗುಟುಕು ನೀರು. ಅವ್ವ ದೇವರ ಮುಂದೆ ದೀಪ ಹಚ್ಚಿದರೆ ಯಾಕೆ ಹಚ್ಚಿದೆ ಎಂದು ನಾವು ಕೇಳುತ್ತಿರಲಿಲ್ಲವಲ್ಲ, ಇದನ್ನೂ ಹಾಗೆಯೇ ಕೇಳಲಿಲ್ಲ.

ಅಪ್ಪ ಟೂಲ್ ರೂಮಿನ ಫಿಟ್ಟರ್. ಲೋಹವನ್ನು ಅರದಿಂದ ಉಜ್ಜಿ ಉಜ್ಜಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಅಳತೆಗೆ ತರುವ ಕೆಲಸ. ತುಂಡನ್ನು ಮೇಜಿಗೆ ಬಿಗಿದ ಇಕ್ಕಳದಂಥ ವೈಸಿಗೆ ಕಚ್ಚಿಸಿ, ಬಲಗಾಲಿನ ಮೇಲೆ ಭಾರ ಹಾಕಿ ದಿನಕ್ಕೆ ಎಂಟು ಗಂಟೆ ನಿಲ್ಲಬೇಕು. ನಲವತ್ತೈದು ದಾಟಿದ ಮೇಲೆ ಸೊಂಟದ ಬಲಗಡೆಯ ಕೀಲು ನೋಯತೊಡಗಿತು. ನೋವು ಎಂದು ಫ್ಯಾಕ್ಟರಿಯ ಡಿಸ್ಪೆನ್ಸರಿಯಲ್ಲಿ ಬಾಯಿಬಿಟ್ಟರೆ ಡಾಕ್ಟರು ‘ಲೈಟ್ ಡ್ಯೂಟಿ’ ಎಂದು ಚೀಟಿ ಬರೆದುಬಿಡುತ್ತಿದ್ದರು. ಲೈಟ್ ಡ್ಯೂಟಿ ಎಂದರೆ ಸ್ಟೋರಿನಲ್ಲಿ ಕೂತು ನಟ್ಟು ಬೋಲ್ಟು ಹಂಚುವುದು. ಅಲ್ಲಿಗೆ ಹೋದವನ ವೈಸು ಮರುದಿನವೇ ಇನ್ನೊಬ್ಬನ ಪಾಲಾಗುತ್ತಿತ್ತು. ಹೀಗಾಗಿ ಟೂಲ್ ರೂಮಿನ ಗಂಡಸರೆಲ್ಲ ಡಾಕ್ಟರ ಮುಂದೆ ನೋವನ್ನು ಕಡಿಮೆ ಮಾಡಿ ಹೇಳುವುದರಲ್ಲಿ ಪಳಗಿಹೋಗಿದ್ದರು. ಜೀವ ಹೋಗುವಷ್ಟು ನೋಯುತ್ತಿದ್ದರೂ ‘ಸ್ವಲ್ಪ ಹಿಡಿದಂತಾಗುತ್ತದೆ’ ಅಷ್ಟೇ. ಅಪ್ಪನೂ ಅಷ್ಟೇ ಹೇಳಿದರು. ‘ಶಿಫ್ಟಿಗೊಂದು ತಗೋ’ ಎಂದು ಡಾಕ್ಟರು ಗುಳಿಗೆ ಕೊಟ್ಟರು. ಅಪ್ಪ ಶಿಫ್ಟಿಗೊಂದು ತೆಗೆದುಕೊಂಡರು. ಓವರ್‌ಟೈಮ್ ಮಾಡಿದ ದಿನ ಎರಡು ಶಿಫ್ಟಾಗುತ್ತಿತ್ತು, ಎರಡು ತೆಗೆದುಕೊಂಡರು.

ಎಡವಟ್ಟಾದದ್ದು ನಿವೃತ್ತಿಯ ನಂತರ. ಕೆಲಸದಲ್ಲಿದ್ದಾಗ ಅವರದು ಅಂತ ಒಂದು ಶಿಫ್ಟು ಇತ್ತು. ಮನೆಗೆ ಬಂದ ಮೇಲೆ ಅದು ಹೋಯಿತು, ಭೋಂಗಾ ಮಾತ್ರ ಮೂರು ಹೊತ್ತೂ ಕೂಗುತ್ತಲೇ ಇತ್ತು. ಮೂರು ಭೋಂಗಾಕ್ಕೆ ಮೂರು ಗುಳಿಗೆ. ಸಾಲದ್ದಕ್ಕೆ ವಾರದಲ್ಲಿ ಮೂರು ದಿನ ಅಪ್ಪ ಊರಿನ ಇನ್ನೊಂದು ತುದಿಯ ನಾಚಾರಂಗೆ ಹೋಗುತ್ತಿದ್ದರು. ಅಲ್ಲಿ ಹಳೆಯ ಗೆಳೆಯರೊಬ್ಬರ ಸಣ್ಣ ವರ್ಕ್‌ಶಾಪ್ ಇತ್ತು, ಬೇರೆ ಯಾರ ಕೈಗೂ ಬಗ್ಗದ ಕೆಲಸವನ್ನು ಅವರು ಅಪ್ಪನಿಗಾಗಿ ಎತ್ತಿಡುತ್ತಿದ್ದರು. ಆ ದಿನಗಳಲ್ಲಿ ಹೋಗುವಾಗ ಒಂದು, ಬರುವಾಗ ಒಂದು ಗುಳಿಗೆ ಹೆಚ್ಚು. ಡಿಸ್ಪೆನ್ಸರಿಯ ಚೀಟಿ ಎಂದೋ ಹರಿದುಹೋಗಿತ್ತು. ಓಣಿಯ ಮೆಡಿಕಲ್ ಶಾಪಿನವನು ಅಪ್ಪನ ಮುಖ ಕಂಡರೆ ಸಾಕು, ಕೇಳದೆಯೇ ಸ್ಟ್ರಿಪ್ ತೆಗೆದಿಡುತ್ತಿದ್ದ.

ಇದೆಲ್ಲ ನಡೆಯುತ್ತಿದ್ದಾಗ ಅದೇ ಮನೆಯಲ್ಲಿದ್ದ ಮಗಳು ಏನು ಮಾಡುತ್ತಿದ್ದಳು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಹೈದರಾಬಾದಿಗೆ ಕಂಪ್ಯೂಟರ್ ಜ್ವರ ಏರಿದ್ದ ಕಾಲ ಅದು. ಅಮೀರ್‌ಪೇಟೆಯ ಗೋಡೆಗಳ ಮೇಲೆ ಕೋರ್ಸುಗಳ ಜಾಹೀರಾತಿನ ನಡುವೆ ಸುಣ್ಣ ಕಾಣಿಸುತ್ತಿರಲಿಲ್ಲ. ಪ್ರೋಗ್ರಾಮಿಂಗ್ ತಲೆಗೆ ಹತ್ತದ ನನ್ನಂಥವರಿಗೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂಬ ಕೆಲಸವಿತ್ತು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ರೆಕಾರ್ಡ್ ಮಾಡಿಟ್ಟದ್ದನ್ನು ನಾವು ಇಯರ್‌ಫೋನಿನಲ್ಲಿ ಕೇಳುತ್ತ, ಕಾಲಲ್ಲಿ ಪೆಡಲ್ ಒತ್ತಿ ನಿಲ್ಲಿಸುತ್ತ, ಓಡಿಸುತ್ತ ಟೈಪು ಮಾಡಬೇಕು. ನನ್ನ ಪಾಲಿಗೆ ಬರುತ್ತಿದ್ದುದು ಆಪರೇಷನ್ನಿಗೆ ಮುಂಚಿನ ವರದಿಗಳು. ರೋಗಿ ಮನೆಯಲ್ಲಿ ಯಾವ ಯಾವ ಔಷಧಿ ತೆಗೆದುಕೊಳ್ಳುತ್ತಾನೆ ಎಂಬುದಕ್ಕೇ ಪ್ರತಿಯೊಂದರಲ್ಲೂ ಒಂದು ಪ್ಯಾರಾ. ನಾನು ಕಣ್ಣಲ್ಲಿ ಕಂಡಿರದ ಅಮೆರಿಕದ ಮುದುಕಿ ಮಂಡಿನೋವಿಗೆ ದಿನಕ್ಕೆ ಎಷ್ಟು ಗುಳಿಗೆ ನುಂಗುತ್ತಾಳೆ, ಎಷ್ಟು ವರ್ಷದಿಂದ ನುಂಗುತ್ತಿದ್ದಾಳೆ, ಎಲ್ಲ ನನಗೆ ಗೊತ್ತಿತ್ತು. ನಮ್ಮಪ್ಪನದು ಗೊತ್ತಿರಲಿಲ್ಲ.

ನನ್ನದು ಬೆಳಿಗ್ಗೆ ಏಳರ ಶಿಫ್ಟು. ಕಂಪನಿಯ ವ್ಯಾನು ಆರೂವರೆಗೆ ಮೇನ್ ರೋಡಿಗೆ ಬರುತ್ತಿತ್ತು. ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಬಾಗಿಲು ಹಾಕಿದ ಸಣ್ಣ ಕಾರ್ಖಾನೆಗಳ ಗೋಡೆ, ಆ ಗೋಡೆಯ ಬುಡದಲ್ಲಿ ನಾಯಿಗಳ ದಂಡು. ನಾನು ಕೆಲಸಕ್ಕೆ ಸೇರಿದ ಮೊದಲ ದಿನದಿಂದ ಅಪ್ಪ ಭೋಂಗಾದ ಗುಳಿಗೆ ನುಂಗಿ, ಚಹಾ ಕುಡಿದು, ನನ್ನನ್ನು ವ್ಯಾನಿನವರೆಗೆ ಬಿಟ್ಟು ಬರುತ್ತಿದ್ದರು. ಕುಂಟುತ್ತಿದ್ದರು, ನಿಜ. ಅಪ್ಪನ ನಡಿಗೆಯೇ ಹಾಗೆ ಅಂದುಕೊಂಡಿದ್ದೆ.

ಒಂದು ದಿನ ಅಪ್ಪ ಬಚ್ಚಲಿನಲ್ಲಿ ಕೂತವರು ಏಳಲಾರದೆ ಹೋದರು. ಅವ್ವ ಹಟ ಹಿಡಿದು ಮೆಹದಿಪಟ್ಟಣಂ ಕಡೆಯ ಒಂದು ಆಸ್ಪತ್ರೆಗೆ ಹೊರಡಿಸಿದಳು, ರಜೆ ಹಾಕಿ ನಾನು ಜೊತೆಗೆ ಹೋದೆ. ಸರ್ಜನ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಕೀಲು ಪೂರ್ತಿ ಸವೆದು ಎಲುಬಿಗೆ ಎಲುಬು ತಿಕ್ಕುತ್ತಿದೆ ಅಂದರು. ಕೀಲು ಬದಲಿಸಬೇಕು, ಬಿಟ್ಟರೆ ವರ್ಷದೊಳಗೆ ಗಾಲಿಕುರ್ಚಿಯೇ ಗತಿ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಬದಲಿಸಿದರೆ ಮತ್ತೆ ವೈಸಿನ ಮುಂದೆ ನಿಲ್ಲಬಹುದೇ ಎಂದು. ನಿಲ್ಲಬಹುದು ಎಂದರು ಸರ್ಜನ್. ಆರು ವಾರ ಬಿಟ್ಟು ದಿನ ಗೊತ್ತಾಯಿತು. ಅದಕ್ಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ ಅರಿವಳಿಕೆ ಕೊಡುವ ಡಾಕ್ಟರನ್ನು ಕಂಡು ಬನ್ನಿ ಎಂದು ಪಕ್ಕದ ಕೋಣೆಗೆ ಕಳಿಸಿದರು.

ಆ ಡಾಕ್ಟರು ನರೆಗೂದಲಿನ, ಮೆಲುದನಿಯ ತೆಲುಗು ಹೆಂಗಸು. ಅಪ್ಪನ ಜೊತೆ ಹೈದರಾಬಾದಿ ಹಿಂದಿಯಲ್ಲಿ ಮಾತಾಡಿದರು. ನನ್ನ ನೆನಪಿನಲ್ಲಿ ಮಾತ್ರ ಅದೆಲ್ಲ ಕನ್ನಡದಲ್ಲೇ ಉಳಿದಿದೆ.

‘ನೋವು ಹೇಗಿದೆ, ಪೆದ್ದಾಯನಾ?’ ಅಂದರು. ತೆಲುಗಿನಲ್ಲಿ ಹಿರಿಯರನ್ನು ಕರೆಯುವ ಮಾತು ಅದು.

‘ಏನಿಲ್ಲ, ಸ್ವಲ್ಪ.’

‘ನೋವಿಗೆ ಗುಳಿಗೆ ತಗೋತೀರಾ?’

‘ಆವಾಗೀವಾಗ.’

ಡಾಕ್ಟರು ರಕ್ತದ ರಿಪೋರ್ಟು ನೋಡಿದರು, ಅಪ್ಪನ ಮುಖ ನೋಡಿದರು. ಆಗ ಗೋಡೆಯ ಗಡಿಯಾರದಲ್ಲಿ ಎರಡಾಯಿತು. ಅಲ್ಲಿ ಭೋಂಗಾ ಕೇಳಿಸುವುದು ಸಾಧ್ಯವೇ ಇರಲಿಲ್ಲ. ಆದರೂ ಅಪ್ಪನ ಬಲಗೈ ತಾನಾಗಿ ಜೇಬಿಗೆ ಹೋಯಿತು. ಗುಳಿಗೆ ಬಾಯಿಯ ಹತ್ತಿರ ಬಂದಿದ್ದಾಗ ಡಾಕ್ಟರು ಮೆಲ್ಲಗೆ ಕೇಳಿದರು. ‘ಇವತ್ತಿನದು ಇದು ಎಷ್ಟನೆಯದು?’

ನಮ್ಮಪ್ಪ ನೋವಿದೆಯೇ ಅಂದರೆ ಜಾರಿಕೊಳ್ಳಬಲ್ಲರು. ಎಷ್ಟು ಎಂದು ಕೇಳಿದರೆ ಸುಳ್ಳು ಹೇಳಲಾರರು. ಟೂಲ್ ರೂಮಿನಲ್ಲಿ ಅಳತೆ ಹೇಳುವಾಗ ಸುಳ್ಳು ಹೇಳಿದವನಿಗೆ ಜಾಗವಿರುತ್ತಿರಲಿಲ್ಲ.

‘ಎರಡು’ ಅಂದರು.

‘ನಿನ್ನೆ ಎಷ್ಟು?’

‘ಐದು. ನಾಚಾರಂಗೆ ಹೋಗಿದ್ದೆ.’

‘ಎಷ್ಟು ವರ್ಷದಿಂದ?’

‘ಹೀಗೆ ನಾಲ್ಕು ವರ್ಷ. ಅದಕ್ಕೂ ಮುಂಚೆ ಹನ್ನೆರಡು ವರ್ಷ, ಶಿಫ್ಟಿಗೊಂದು.’

ನನ್ನ ಬೆರಳುಗಳು ಮಡಿಲಲ್ಲಿದ್ದ ಬ್ಯಾಗಿನ ಮೇಲೆ ಅಭ್ಯಾಸಬಲದಿಂದ ಅದನ್ನು ಟೈಪು ಮಾಡುತ್ತಿದ್ದವು. ಗೊತ್ತಾದಾಗ ಕೈ ಮಡಚಿ ಕೂತೆ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಡಾಕ್ಟರು ಬೈಯಲಿಲ್ಲ. ಕಾಗದದ ಮೇಲೆ ಗೀಟು ಎಳೆದು, ಒಬ್ಬ ಕೆಲಸಗಾರ ಇನ್ನೊಬ್ಬನಿಗೆ ಹೇಳುವ ಹಾಗೆ ವಿವರಿಸಿದರು. ಈ ಗುಳಿಗೆಯಲ್ಲಿ ಎರಡು ಮದ್ದು ಸೇರಿವೆ, ಒಂದರಿಂದ ಮೂತ್ರಪಿಂಡ ಸುಸ್ತಾಗಿದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಇನ್ನೊಂದು ಅಫೀಮಿನ ಜಾತಿಯದು, ಮೈ ಅದಕ್ಕೆ ಒಗ್ಗಿಹೋಗಿದೆ. ಆಪರೇಷನ್ ಆದ ಮೇಲೆ ನೋವಿಗೆ ತಾವು ಕೊಡುವ ಮದ್ದಿಗೆ ಇಂಥ ಮೈ ಜಗ್ಗುವುದಿಲ್ಲ. ನೋವು ಹತೋಟಿಗೆ ಬರದಿದ್ದರೆ ಮರುದಿನ ಎದ್ದು ನಿಲ್ಲಲಾಗುವುದಿಲ್ಲ, ನಿಲ್ಲದಿದ್ದರೆ ಹೊಸ ಕೀಲು ಹಾಕಿಯೂ ಉಪಯೋಗವಿಲ್ಲ. ಆದ್ದರಿಂದ ಆರು ವಾರದಲ್ಲಿ ದಿನಕ್ಕೆ ಐದು ಗುಳಿಗೆಯಿಂದ ಅರ್ಧ ಗುಳಿಗೆಗೆ ಇಳಿಯಬೇಕು. ಒಮ್ಮೆಲೇ ಬಿಟ್ಟರೆ ಮೈ ನಡುಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ. ಇಳಿಯದಿದ್ದರೆ ಆಪರೇಷನ್ ಇಲ್ಲ.

‘ಇನ್ನೊಂದು’ ಎಂದರು ಕೊನೆಗೆ. ‘ಆಪರೇಷನ್ ಆದ ಮೇಲೆ ದಿನಾ ಬಂದು ನೋವೆಷ್ಟು ಎಂದು ಕೇಳುತ್ತೇನೆ. ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಬೇಕು. ಏನಿಲ್ಲ, ಸ್ವಲ್ಪ, ಇವು ನನಗೆ ನಡೆಯುವುದಿಲ್ಲ.’ ಎರಡು ಗಂಟೆಯ ಗುಳಿಗೆಯಲ್ಲೇ ಆಕೆ ನಮ್ಮಪ್ಪನನ್ನು ಪೂರ್ತಿ ಓದಿಬಿಟ್ಟಿದ್ದರು.

ಮನೆಗೆ ಬಂದು ವಿಷಯ ಹೇಳಿದಾಗ ಅವ್ವನ ಸಿಟ್ಟು ಮೊದಲು ತಿರುಗಿದ್ದು ನನ್ನ ಕಡೆಗೆ. ‘ಅಮೆರಿಕಾದ ಮಂದೀದು ಎಣಸಿಕೋತ ಕುಂತಿ, ಮನ್ಯಾಗಿನ ಮನಷ್ಯಾ ಎಷ್ಟು ನುಂಗತಾನ ಅಂತ ಕಾಣಲಿಲ್ಲೇನು ನಿನಗ?’ ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ‘ನನಗರ ಎಲ್ಲಿ ಕಂಡಿತ್ತು, ನೀರು ತಂದುಕೊಡಾಕಿ ನಾನ ಇದ್ದೆ’ ಅಂದಳು.

ಅಪ್ಪ ಮಾತ್ರ ಹೊಸ ಕೆಲಸ ಸಿಕ್ಕಿದವರಂತೆ ಚುರುಕಾಗಿದ್ದರು. ದಪ್ಪ ರಟ್ಟೊಂದನ್ನು ಕತ್ತರಿಸಿ, ಸ್ಕೇಲು ಹಿಡಿದು ಗೀಟು ಹಾಕಿ ಫ್ಯಾಕ್ಟರಿಯಲ್ಲಿ ಇರುತ್ತಿದ್ದಂಥದೇ ಜಾಬ್ ಕಾರ್ಡ್ ತಯಾರಿಸಿದರು. ತಾರೀಖು, ಭೋಂಗಾ, ಅಳತೆ, ಷರಾ ಎಂದು ನಾಲ್ಕು ಕಾಲಮ್ಮು. ಅಡಿಗೆಮನೆಯ ಬಾಗಿಲಿಗೆ ಅದನ್ನು ನೇತುಹಾಕಿದ್ದಾಯಿತು. ತೊಡಕು ಬಂದದ್ದು ಅಳತೆಯಲ್ಲಿ. ಡಾಕ್ಟರು ಬರೆದಂತೆ ಇಳಿಸಬೇಕಾದರೆ ಗುಳಿಗೆಯನ್ನು ಅರ್ಧ, ಕಾಲು ಮಾಡಬೇಕು. ಅವ್ವ ಚಾಕುವಿನಿಂದ ಕತ್ತರಿಸಿಕೊಟ್ಟಳು. ಒಂದು ಹೋಳು ದೊಡ್ಡದು, ಇನ್ನೊಂದು ಸಣ್ಣದು, ಉಳಿದದ್ದು ಪುಡಿ. ಅಪ್ಪ ಅದನ್ನು ಅಂಗೈಯಲ್ಲಿ ಹಿಡಿದು, ತಿರಸ್ಕೃತವಾದ ಮಾಲು ನೋಡುವಂತೆ ನೋಡಿದರು.

ಮರುದಿನ ನಾಚಾರಂಗೆ ಹೋಗಿ, ಸ್ಟೂಲಿನ ಮೇಲೆ ಕೂತುಕೊಂಡೇ, ಗುಳಿಗೆ ಕತ್ತರಿಸಲು ಒಂದು ಸಾಧನ ಮಾಡಿಕೊಂಡು ಬಂದರು. ಬೆಂಕಿಪೊಟ್ಟಣದಷ್ಟು ದೊಡ್ಡ ಹಿತ್ತಾಳೆಯ ಅಚ್ಚು. ನಡುವೆ ಆ ಗುಳಿಗೆ ಮಾತ್ರ ಕೂರುವಂಥ ಕುಳಿ, ಮೇಲಿಂದ ಅತ್ತಿತ್ತ ಅಲುಗದೆ ಇಳಿಯುವ ಬ್ಲೇಡು. ಒತ್ತಿದರೆ ಟಕ್ಕೆಂದು ಎರಡು ಸಮ ಹೋಳು, ತಿರುಗಿಸಿ ಒತ್ತಿದರೆ ನಾಲ್ಕು. ಹಿತ್ತಾಳೆಯ ಅಂಚನ್ನು ಬೆರಳಿಗೆ ಚುಚ್ಚದಂತೆ ನುಣ್ಣಗೆ ಉಜ್ಜಿದ್ದರು. ‘ಗುಳಿಗಿ ಕತ್ತರಸಾಕ ಇಷ್ಟು ಸಡಗರೇನ್ರಿ?’ ಎಂದು ಅವ್ವ ನಕ್ಕಳು. ನಾನು ಆ ಅಚ್ಚನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ನಿಲ್ಲಲಾರದ ಮನುಷ್ಯ ತನ್ನ ನೋವಿನ ಮದ್ದನ್ನು ಕಡಿಮೆ ಮಾಡಿಕೊಳ್ಳಲು ಇಷ್ಟು ಅಂದವಾದ ವಸ್ತು ಮಾಡಿದ್ದರು. ಅಷ್ಟು ವರ್ಷ ಅಪ್ಪನ ಕೆಲಸ ಎಂಥದು ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅವತ್ತು ಗೊತ್ತಾಯಿತು.

ಮೊದಲು ಹೋದದ್ದು ನಾಚಾರಂನ ಎರಡು ಗುಳಿಗೆ, ಅವುಗಳ ಜೊತೆಗೆ ನಾಚಾರಂ ಕೂಡ. ಆಮೇಲೆ ರಾತ್ರಿಯದು ಮುಕ್ಕಾಲಾಯಿತು, ಅರ್ಧವಾಯಿತು, ಕಾಲಾಯಿತು, ಹೋಯಿತು. ಆಮೇಲೆ ಮಧ್ಯಾಹ್ನದ್ದು. ಗುಳಿಗೆ ಇಲ್ಲದಿದ್ದರೂ ಭೋಂಗಾ ಸುಮ್ಮನಿರುತ್ತದೆಯೇ? ಎರಡಕ್ಕೆ ಅದು ಕೂಗಿದಾಗ ಅಪ್ಪನ ಕೈ ಜೇಬಿಗೆ ಹೋಗಿ ಬರಿಗೈಯಾಗಿ ಬರುತ್ತಿತ್ತು. ಆ ಕೈಗೆ ಏನಾದರೂ ಬೇಕಲ್ಲ, ಸಾಣೆಕಲ್ಲು ತೆಗೆದುಕೊಂಡು ಮನೆಯ ಚಾಕುಗಳನ್ನು ಹರಿತ ಮಾಡತೊಡಗಿದರು. ಚಾಕು ಮುಗಿದವು, ಈಳಿಗೆ ಮುಗಿಯಿತು, ಕತ್ತರಿ ಮುಗಿಯಿತು. ಓಣಿಯ ಹೆಂಗಸರು ತಮ್ಮ ತಮ್ಮ ಈಳಿಗೆ ಹೊತ್ತುಕೊಂಡು ಬರತೊಡಗಿದರು. ಬದನೆಕಾಯಿ ಹೆಚ್ಚಲು ಕೂತ ಅವ್ವ ಎರಡು ಸಲ ಬೆರಳು ಕೊಯ್ದುಕೊಂಡಳು. ಅಪ್ಪನ ಹಣೆಯ ಮೇಲೆ ಬೆವರು ಇಳಿಯುತ್ತಿರುತ್ತಿತ್ತು, ಕಲ್ಲಿನ ಮೇಲೆ ಕೈ ಒಂದೇ ಲಯದಲ್ಲಿ ಹೋಗಿ ಬರುತ್ತಿರುತ್ತಿತ್ತು.

ಕಾರ್ಡಿನ ಷರಾ ಕಾಲಮ್ಮಿನಲ್ಲಿ ಪ್ರತಿದಿನ ಒಂದೇ ಮಾತು: ‘ಓಕೆ’. ಮೂರನೆಯ ವಾರದ ಓಕೆಗಳನ್ನು ಬರೆಯುವಾಗ ಪೆನ್ಸಿಲ್ಲು ಎಷ್ಟು ಒತ್ತಿತ್ತೆಂದರೆ ಎರಡು ಕಡೆ ರಟ್ಟಿಗೆ ತೂತು ಬಿದ್ದಿತ್ತು.

ಬೆಳಗಿನ ಗುಳಿಗೆಯನ್ನು ಅಪ್ಪ ಕೊನೆಗೆ ಇಟ್ಟುಕೊಂಡಿದ್ದರು. ಅದಕ್ಕೆ ಕಾರಣ ನಾನು ಎಂಬುದು ನನಗೆ ತಡವಾಗಿ ಹೊಳೆಯಿತು. ಐದನೆಯ ವಾರ ಅದೂ ಅರ್ಧವಾಯಿತು. ಚಳಿಗಾಲ, ಆರು ಗಂಟೆಗೆ ಇನ್ನೂ ಮಸುಕು. ‘ನೀವು ಬರಬ್ಯಾಡ್ರಿ ಅಪ್ಪಾ, ನಾ ಹೋಗತೀನಿ’ ಅಂದೆ. ‘ನಾಯಿಗೋಳು ಭಾಳ ಅದಾವು, ನಡಿ’ ಎಂದು ಚಪ್ಪಲಿ ಮೆಟ್ಟಿದರು. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಬೇಕಾಯಿತು. ಮರುದಿನದಿಂದ ಭೋಂಗಾ ಕೂಗುವ ಮೊದಲೇ ಚಹಾ ಮುಗಿಸಿ, ಕೂಗಿದೊಡನೆ ಹೊರಡತೊಡಗಿದೆವು.

ಅಪ್ಪ ದಾರಿಯಲ್ಲಿ ನಾಲ್ಕು ಕಡೆ ನಿಲ್ಲುತ್ತಿದ್ದರು. ದಣಿವಾಯಿತು ಎಂದು ಒಂದು ದಿನವೂ ಅನ್ನಲಿಲ್ಲ. ಟ್ರಾನ್ಸ್‌ಫಾರ್ಮರಿನ ಹತ್ತಿರ ನಿಂತು ಅದರ ಬೇಲಿಯ ವೆಲ್ಡಿಂಗ್ ಎಷ್ಟು ಕೆಟ್ಟದಾಗಿದೆ ಎಂದು ತೋರಿಸುತ್ತಿದ್ದರು. ಮುಚ್ಚಿದ ಕಾರ್ಖಾನೆಯ ಗೇಟಿನ ಮುಂದೆ ನಿಂತು, ಅದು ತಿರುಗುವ ಕೀಲಿಗೆ ಬೆರಳು ತೋರಿಸಿ, ‘ಈ ಬಿಜಾಗರಿ ನೋಡಿದೇನು? ಉಲ್ಟಾ ಕುಂದ್ರಿಸ್ಯಾರ’ ಅನ್ನುತ್ತಿದ್ದರು. ನಿನ್ನೆಯೂ ಅದೇ ಬಿಜಾಗರಿ, ಇವತ್ತೂ ಅದೇ. ನಾನು ಪ್ರತಿದಿನ ಹೊಸದಾಗಿ ನೋಡಿ ಹೌದಲ್ಲ ಅನ್ನುತ್ತಿದ್ದೆ. ಇನ್ನೆರಡು ಕಡೆ ನನ್ನ ಚಪ್ಪಲಿಯ ಬಾರು ಸಡಿಲಾಗುತ್ತಿತ್ತು. ಅಪ್ಪ ಗೋಡೆಗೆ ಕೈಯೂರಿ, ನಾನು ಬಾರು ಬಿಗಿಯುವುದನ್ನು ತಾಳ್ಮೆಯಿಂದ ಕಾಯುತ್ತಿದ್ದರು. ಒಬ್ಬರಿಗೊಬ್ಬರ ನಾಟಕ ಗೊತ್ತಿದ್ದೂ ಇಬ್ಬರೂ ಅದನ್ನು ಬಿಟ್ಟುಕೊಡಲಿಲ್ಲ.

ಆ ವಾರದ ಭಾನುವಾರ ನಾನು ಸೋತೆ. ಮಧ್ಯಾಹ್ನ ಅಪ್ಪ ಕುರ್ಚಿಯ ಕೈ ಹಿಡಿದು ಕೂತಿದ್ದರು, ಮುಖ ಬಿಳಿಚಿಕೊಂಡಿತ್ತು. ಸಾಣೆಕಲ್ಲನ್ನೂ ಮುಟ್ಟಿರಲಿಲ್ಲ. ನೋಡಲಾಗಲಿಲ್ಲ ನನಗೆ. ಕಪಾಟಿನಿಂದ ಒಂದು ಇಡೀ ಗುಳಿಗೆ ತಂದು ಮುಂದೆ ಹಿಡಿದೆ. ‘ಇದೊಂದು ತಗೋರಿ ಅಪ್ಪಾ. ಡಾಕ್ಟರಿಗೆ ಏನು ಗೊತ್ತಾಗತೈತಿ? ಕಾರ್ಡಿನಾಗ ಬರೀಬ್ಯಾಡ್ರಿ.’

ಅಪ್ಪ ಗುಳಿಗೆಯನ್ನು ನೋಡಿದರು. ಕೈ ಮುಂದೆ ಬಂತು ಕೂಡ, ನಾನು ಕಂಡೆ. ಆ ಕೈ ನನ್ನ ಬೆರಳುಗಳನ್ನು ಗುಳಿಗೆಯ ಮೇಲೆ ಮಡಚಿತು.

‘ಬರೀಲಾರದ್ದು ನುಂಗಿ ನುಂಗಿನ ಇಲ್ಲಿಗೆ ಬಂದೀನಿ, ಯವ್ವಾ’ ಅಂದರು. ‘ಒಳಗ ಇಡು ಅದನ್ನ.’

ಒಳಗೆ ಇಟ್ಟೆ. ಅಡಿಗೆಮನೆಯಲ್ಲಿ ನಿಂತು ಅತ್ತೆ. ಅವತ್ತಿನ ಷರಾ ಕೂಡ ಓಕೆಯೇ.

ಆಪರೇಷನ್ನಿನ ಹಿಂದಿನ ದಿನ ಅಪ್ಪ ಕಾರ್ಡನ್ನೂ ಹಿತ್ತಾಳೆಯ ಅಚ್ಚನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ತಂದರು. ಡಾಕ್ಟರು ಕಾರ್ಡನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಬೆರಳಿಟ್ಟು ಓದಿದರು. ರಟ್ಟಿನ ತೂತಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಅಚ್ಚನ್ನು ತೆರೆದು ಮುಚ್ಚಿ ನೋಡಿ, ಇದನ್ನು ತಮ್ಮ ಬೇರೆ ರೋಗಿಗಳಿಗೆ ತೋರಿಸಬಹುದೇ ಎಂದು ಕೇಳಿದರು. ಅಪ್ಪ ಅದನ್ನು ಅವರಿಗೇ ಕೊಟ್ಟುಬಿಟ್ಟರು. ಡಾಕ್ಟರು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡರು. ನನಗೆ ಆ ಇಬ್ಬರ ಮೇಲೂ ಒಮ್ಮೆಲೇ ಅಭಿಮಾನ ಉಕ್ಕಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಬೆಳಿಗ್ಗೆ ಡಾಕ್ಟರು ವಾರ್ಡಿಗೆ ಬಂದು ಮಂಚದ ಪಕ್ಕ ನಿಂತರು. ಅವ್ವ ಒಂದು ಕಡೆ, ನಾನು ಒಂದು ಕಡೆ.

‘ನಂಬರ್ ಹೇಳಿ, ಪೆದ್ದಾಯನಾ.’

ಅಪ್ಪನ ತುಟಿ ‘ಏನಿಲ್ಲ’ ಎನ್ನಲು ತೆರೆದದ್ದನ್ನು ನಾನು ಕಂಡೆ. ತೆರೆದ ತುಟಿ ಮುಚ್ಚಿತು. ಕಣ್ಣು ಮುಚ್ಚಿಕೊಂಡರು. ಅಳತೆಯ ವರ್ನಿಯರಿನ ಗೀಟು ಓದುವಾಗ ಫಿಟ್ಟರನೊಬ್ಬ ಉಸಿರು ಹಿಡಿಯುತ್ತಾನಲ್ಲ, ಹಾಗೆ ಹಿಡಿದರು.

‘ಆರು’ ಅಂದರು. ಸ್ವಲ್ಪ ತಡೆದು, ‘ಅಲ್ಲ. ಆರೂವರೆ.’

ಇಷ್ಟು ವರ್ಷದಲ್ಲಿ ಯಾರೂ ತಮಗೆ ಅರ್ಧದ ಲೆಕ್ಕ ಕೊಟ್ಟಿರಲಿಲ್ಲ ಎಂದು ಡಾಕ್ಟರು ನಕ್ಕರು. ಆದರೆ ಆರೂವರೆ ಎಂದೇ ಬರೆದುಕೊಂಡು, ಮದ್ದು ಹೆಚ್ಚಿಸಿ ಹೋದರು. ಮದ್ದು ಕೆಲಸ ಮಾಡಿತು. ಸಂಜೆ ನಾಲ್ಕಕ್ಕೆ ಅಪ್ಪ ವಾಕರ್ ಹಿಡಿದು, ಹೊಸ ಕೀಲಿನ ಮೇಲೆ ಎದ್ದು ನಿಂತರು. ಅವ್ವ ಕೈ ಮುಗಿದಳು, ಯಾರಿಗೆ ಎಂದು ಗೊತ್ತಾಗಲಿಲ್ಲ.

ಮತ್ತೆ ಮಲಗಿಸಿದ ಮೇಲೆ ಅಪ್ಪ ಕಾರ್ಡು ಕೇಳಿದರು. ಕೊನೆಯ ಸಾಲಿನಲ್ಲಿ ಆರೂವರೆ ಎಂದು ನನ್ನ ಕೈಯಲ್ಲಿ ಬರೆಸಿದರು. ಆರು ವಾರದ ಓಕೆಗಳ ಕೆಳಗೆ ನೋವಿನ ಮೊದಲನೆಯ ನಿಜವಾದ ಅಂಕಿ. ಅದನ್ನು ಬರೆದ ಮೇಲೆ ನನಗೆ ಧೈರ್ಯ ಬಂತು.

‘ಅಪ್ಪಾ, ನನ್ನ ವ್ಯಾನಿಗೆ ಬಿಡಾಕ ಬರತಿದ್ರಲ್ಲ, ಹೋದ ವಾರ. ಆವಾಗ ಎಷ್ಟಿತ್ತು?’

ಅಪ್ಪ ಕಿಟಕಿಯ ಕಡೆ ನೋಡಿದರು. ಈ ಸಲವೂ ಲೆಕ್ಕ ಹಾಕಿಯೇ ಹೇಳಿದರು.

‘ಹೋಗುವಾಗ ಎಂಟು’ ಅಂದರು. ‘ತಿರುಗಿ ಬರುವಾಗ ಒಂಬತ್ತೂವರಿ.’

ಹೋಗುವ ದಾರಿಯಲ್ಲಿ ನಾನು ಬಿಜಾಗರಿ ನೋಡಿದ್ದೆ, ಚಪ್ಪಲಿಯ ಬಾರು ಬಿಗಿದಿದ್ದೆ. ಅಪ್ಪ ಒಬ್ಬರೇ ತಿರುಗಿ ಬರಬೇಕಿತ್ತು ಎಂಬುದನ್ನು ವ್ಯಾನು ಹತ್ತಿದ ಮೇಲೆ ಒಂದು ದಿನವೂ ಯೋಚಿಸಿರಲಿಲ್ಲ.